ರೋಡ್‌ಕಿಂಗ್‌ನ ಬಿಳಿ ಹೊಗೆ

2024ರ ಕಾರ್ತಿಕ ಮಾಸದ ಒಂದು ಭಾನುವಾರ ಬೆಳಿಗ್ಗೆ ದೇವರಾಯನದುರ್ಗದಿಂದ ಇಳಿದು ನಾಮದ ಚಿಲುಮೆಯ ಕಡೆಗೆ ಬರುತ್ತಿದ್ದಾಗ, ನನ್ನ ಹಳೆಯ ಬೈಕು ಯೆಜ್ಡಿ ರೋಡ್‌ಕಿಂಗ್ ಬಿಟ್ಟ ಬಿಳಿ ಹೊಗೆಗೆ ದಾರಿ ಕಾಣದೆ ಹಿಂದಿನ ಕಾರಿನವರು ಗಾಡಿ ನಿಲ್ಲಿಸಬೇಕಾಯಿತು. ಅವರು ಬೈಯಲಿಲ್ಲ, ಇಳಿದು ಬಂದು "ಇಂಜಿನ್ ಹೋಯ್ತಾ ಸಾರ್?" ಎಂದು ಕಾಳಜಿಯಿಂದಲೇ ಕೇಳಿದರು. ಇಂಜಿನ್ ಹೋಗಿರಲಿಲ್ಲ, ಎಳೆತವೂ ಕಡಿಮೆಯಾಗಿರಲಿಲ್ಲ. ನನ್ನನ್ನು ಕಾಡಿದ್ದು ಹೊಗೆಯಲ್ಲ, ಹೊಗೆ ಬಂದ ಸಮಯ. ಬೆಟ್ಟ ಹತ್ತುವಾಗ, ಇಂಜಿನ್ನಿಗೆ ಪೂರ್ತಿ ಕೆಲಸವಿದ್ದಾಗ, ಎರಡು ಸೈಲೆನ್ಸರುಗಳಿಂದಲೂ ಟೂ ಸ್ಟ್ರೋಕ್ ಗಾಡಿಗೆ ಸಹಜವಾದ ತೆಳು ಹೊಗೆಯಷ್ಟೇ ಬರುತ್ತಿತ್ತು. ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಜಾರಿನಲ್ಲಿ ಇಳಿದು, ಕೆಳಗೆ ಮತ್ತೆ ತಿರುವಿದ ಕೂಡಲೇ ಮೋಡದಂತಹ ಹೊಗೆ ಹೊರಬಂದಿತು. ಏರುವಾಗ ಇಲ್ಲದ ಹೊಗೆ ಇಳಿದ ಮೇಲೆ ಎಲ್ಲಿಂದ ಬಂತು ಎಂಬ ಪ್ರಶ್ನೆಯ ಬೆನ್ನು ಹತ್ತಿ ಎರಡು ತಿಂಗಳು ಮನೆಯ ಶೆಡ್ಡಿನಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಗಾಡಿ ತಿಪಟೂರು ಕಡೆಯ ನಮ್ಮ ಸೋದರಮಾವನದು. 1984ರಲ್ಲಿ ಹೊಸದಾಗಿ ಕೊಂಡು, ತೋಟದಿಂದ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೂ ನೆಂಟರ ಊರುಗಳಿಗೂ ಇಪ್ಪತ್ತೈದು ವರ್ಷ ಓಡಿಸಿದರು. ಮಂಡಿ ನೋವು ಹೆಚ್ಚಾಗಿ ಕಿಕ್ ಹೊಡೆಯುವುದು ಕಷ್ಟವಾದ ಮೇಲೆ, 2009ರಲ್ಲಿ ಅದನ್ನು ಕೊಬ್ಬರಿ ಅಟ್ಟದ ಕೆಳಗೆ ನಿಲ್ಲಿಸಿದರು. ರೋಡ್‌ಕಿಂಗ್ ನೋಡದವರಿಗೆ ಒಂದು ಮಾತು ಹೇಳಬೇಕು: ಇದರಲ್ಲಿ ಗೇರ್ ಲಿವರೇ ಕಿಕ್ ಲಿವರ್. ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್ ಆಗುತ್ತದೆ, ಕೆಳಗಿದ್ದರೆ ಗೇರ್ ಆಗುತ್ತದೆ. ಸಿಲಿಂಡರ್ ಒಂದೇ, 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, 248.5 ಸಿಸಿ, ಆದರೆ ಸೈಲೆನ್ಸರ್ ಎರಡು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1978ರಿಂದ ಈ ಮಾದರಿಯನ್ನು ತಯಾರಿಸಿತು, 1996ರಲ್ಲಿ ಬಾಗಿಲು ಹಾಕಿತು. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ರಸ್ತೆಗೆ ಬಂದಿದೆಯಾದರೂ ಈಗಿನವು ಫೋರ್ ಸ್ಟ್ರೋಕ್ ಇಂಜಿನ್‌ಗಳು. ಅವುಗಳ ಬಿಡಿಭಾಗ ನಮ್ಮ ಗಾಡಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಮಾವ ಅದನ್ನು ಗುಜರಿಗೆ ಹಾಕಲು ಒಪ್ಪಲಿಲ್ಲ, ಮಾರಲೂ ಇಲ್ಲ. 2023ರ ಜನವರಿಯಲ್ಲಿ "ತಗೊಂಡೋಗಪ್ಪಾ, ನಿನ್ ಕೈಲಿ ಓಡುದ್ರೆ ಓಡ್ಲಿ" ಎಂದು ಆರ್.ಸಿ. ಪುಸ್ತಕವನ್ನೂ ಬೀಗದ ಕೈಯನ್ನೂ ಕೊಟ್ಟರು. ಲಗೇಜ್ ಆಟೊದಲ್ಲಿ ಹಗ್ಗ ಬಿಗಿದು ತುಮಕೂರಿಗೆ ತಂದೆ.

ಕ್ಯಾತ್ಸಂದ್ರದ ನಮ್ಮ ಮನೆಯ ಪಕ್ಕದ ಶೀಟಿನ ಶೆಡ್ಡಿನಲ್ಲಿ ಗಾಡಿಯನ್ನು ಓಡುವ ಸ್ಥಿತಿಗೆ ತರಲು ಮೂರು ತಿಂಗಳು ಹಿಡಿಯಿತು. ಟೈರು, ಟ್ಯೂಬು, ಬ್ರೇಕ್ ಶೂ, ಕೇಬಲ್‌ಗಳು, ಬ್ಯಾಟರಿ ಎಲ್ಲವನ್ನೂ ಬದಲಾಯಿಸಿದೆ. ಅವುಗಳಲ್ಲಿ ಹೇಳುವಂತಹ ವಿಶೇಷವಿಲ್ಲ. ಚೈನು ಮಾತ್ರ ಅಚ್ಚರಿ ಹುಟ್ಟಿಸಿತು. ಜಾವಾ ಮತ್ತು ಯೆಜ್ಡಿಗಳಲ್ಲಿ ಹಿಂದಿನ ಚೈನು ತಗಡಿನ ಡಬ್ಬಿ ಹಾಗೂ ರಬ್ಬರ್ ತೋಳುಗಳೊಳಗೆ ಪೂರ್ತಿ ಮುಚ್ಚಿಕೊಂಡಿರುತ್ತದೆ. ಹದಿಮೂರು ವರ್ಷ ನಿಂತ ಗಾಡಿಯಲ್ಲಿ ಆ ಚೈನು ಗ್ರೀಸಿನಲ್ಲಿ ಅದ್ದಿಟ್ಟಂತೆಯೇ ಇತ್ತು. ನಮ್ಮ ಜಿಲ್ಲೆಯ ಕೆಮ್ಮಣ್ಣಿನ ಧೂಳಿನಲ್ಲಿ ತೆರೆದ ಚೈನಿನ ಗತಿ ಏನಾಗುತ್ತದೆ ಎಂಬುದನ್ನು ಬಲ್ಲವರಿಗೆ ಈ ಏರ್ಪಾಡಿನ ಬೆಲೆ ತಿಳಿಯುತ್ತದೆ.

ಒಂದು ವರ್ಷಕ್ಕೂ ಹೆಚ್ಚು ಕಾಲ ಗಾಡಿ ಚೆನ್ನಾಗಿಯೇ ಓಡಿತು. 2024ರ ಮಳೆಗಾಲದ ಹೊತ್ತಿಗೆ ಹೊಗೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚತೊಡಗಿತು, ಪ್ಲಗ್ ಪದೇ ಪದೇ ಎಣ್ಣೆಯಲ್ಲಿ ತೊಯ್ದು ಕಪ್ಪಾಗುತ್ತಿತ್ತು. ಊರಿನ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದಾಗ ಅವರು ಕಾರ್ಬೊರೇಟರ್ ತೊಳೆದು, ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಕಡಿಮೆ ಮಾಡಲು ಹೇಳಿದರು. ಇನ್ನೊಬ್ಬರು ಕಿಕ್ ಹೊಡೆದು ನೋಡಿ, ಹೊಗೆ ನೋಡಿ, ಬೋರ್ ಮಾಡಿಸಿ, ಅಂದರೆ ಸಿಲಿಂಡರಿನ ಒಳಗೋಡೆಯನ್ನು ಕೊರೆದು ಅಗಲ ಮಾಡಿಸಿ, ಹೊಸ ಪಿಸ್ಟನ್ ಹಾಕಬೇಕು ಎಂದರು. ಎರಡೂ ಸಲಹೆಗಳು ಹುಟ್ಟಿದ ಬಗೆ ನನಗೆ ಅರ್ಥವಾಗುತ್ತದೆ. ಫೋರ್ ಸ್ಟ್ರೋಕ್ ಗಾಡಿಗಳು ಹೊಗೆ ಬಿಟ್ಟರೆ ರಿಂಗ್ ಅಥವಾ ವಾಲ್ವ್ ಸೀಲ್ ಕಡೆಗೆ ಬೊಟ್ಟು ಮಾಡುವುದು ಇಂದಿನ ರೂಢಿ, ಮತ್ತು ಇಂದು ವರ್ಕ್‌ಶಾಪಿಗೆ ಬರುವ ಗಾಡಿಗಳಲ್ಲಿ ಬಹುತೇಕ ಎಲ್ಲವೂ ಫೋರ್ ಸ್ಟ್ರೋಕ್. ಆದರೆ ಆಯಿಲ್ ಕಡಿಮೆ ಮಾಡುವ ಮೊದಲ ಸಲಹೆ ಅಪಾಯಕಾರಿಯಾದದ್ದು ಎಂಬುದನ್ನು ಒತ್ತಿ ಹೇಳಬೇಕು. ಈ ಇಂಜಿನ್‌ನಲ್ಲಿ ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ಶಾಫ್ಟಿನ) ಬೇರಿಂಗ್‌ಗೂ ಪಿಸ್ಟನ್‌ಗೂ ಸಿಗುವುದು ಪೆಟ್ರೋಲಿನಲ್ಲಿ ಬೆರೆತ ಎಣ್ಣೆ ಮಾತ್ರ. ನಾನು ಲೀಟರಿಗೆ 40 ಮಿ.ಲೀ. ಹಾಕುತ್ತೇನೆ, ಅಂದರೆ ಇಪ್ಪತ್ತೈದಕ್ಕೆ ಒಂದು. ಹೊಗೆ ಕಡಿಮೆಯಾಗಲಿ ಎಂದು ಅದನ್ನು ಅರ್ಧಕ್ಕೆ ಇಳಿಸಿದರೆ ಪಿಸ್ಟನ್ ಹಿಡಿದುಕೊಳ್ಳುವ ಸಂಭವ ಹೆಚ್ಚಾಗುತ್ತದೆ, ಹೊಗೆಯ ನಿಜವಾದ ಮೂಲ ಮಾತ್ರ ಹಾಗೆಯೇ ಉಳಿಯುತ್ತದೆ.

ಬೋರ್ ಮಾಡಿಸುವ ಸಲಹೆಯನ್ನು ಪರೀಕ್ಷಿಸಲು ಸಿಲಿಂಡರ್ ಬಿಚ್ಚಬೇಕಾಗಿಯೇ ಇಲ್ಲ. ಸೈಲೆನ್ಸರ್ ಬೆಂಡ್ ಪೈಪುಗಳನ್ನು ಕಳಚಿ ಎಗ್ಜಾಸ್ಟ್ ಪೋರ್ಟಿನೊಳಕ್ಕೆ ಟಾರ್ಚ್ ಬಿಟ್ಟು, ಪಿಸ್ಟನ್ನನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ ರಿಂಗುಗಳೂ ಪಿಸ್ಟನ್ನಿನ ಮೈಯೂ ಕಾಣುತ್ತವೆ. ರಿಂಗ್ ಸವೆದು ಉರಿದ ಅನಿಲ ಕೆಳಕ್ಕೆ ಸೋರುತ್ತಿದ್ದರೆ ರಿಂಗಿನ ಕೆಳಗೆ ಕಂದು ಬಣ್ಣದ ಕಲೆಗಳು ಇಳಿದಿರುತ್ತವೆ. ಪಿಸ್ಟನ್ ಉಜ್ಜಿದ್ದರೆ ಉದ್ದುದ್ದ ಗೆರೆಗಳಿರುತ್ತವೆ. ನಮ್ಮ ಪಿಸ್ಟನ್ನಿನಲ್ಲಿ ಎರಡೂ ಇರಲಿಲ್ಲ. ಒಮ್ಮೆ ಬೋರ್ ಮಾಡಿಸಿದರೆ ಸಿಲಿಂಡರಿನ ಗೋಡೆಯ ಲೋಹ ಮತ್ತೆ ಬರುವುದಿಲ್ಲ. ಅಷ್ಟಷ್ಟಾಗಿ ದೊಡ್ಡ ಅಳತೆಯ ಪಿಸ್ಟನ್ ಹಾಕುತ್ತಾ ಹೋದರೆ ಕೆಲವೇ ಸುತ್ತಿನಲ್ಲಿ ಆ ಸಿಲಿಂಡರಿನ ಆಯುಸ್ಸು ಮುಗಿಯುತ್ತದೆ. ಕಾರ್ಖಾನೆಯೇ ಇಲ್ಲದ ಗಾಡಿಯಲ್ಲಿ ಆ ಸುತ್ತುಗಳನ್ನು ಅನುಮಾನದ ಮೇಲೆ ಖರ್ಚು ಮಾಡುವುದು ನನಗೆ ಸರಿ ಕಾಣಲಿಲ್ಲ.

ಹಾಗಾದರೆ ಹೊಗೆ ಎಲ್ಲಿಯದು? ಇದನ್ನು ತಿಳಿಯಲು ಟೂ ಸ್ಟ್ರೋಕ್ ಇಂಜಿನ್ ಉಸಿರಾಡುವ ಬಗೆಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಪಿಸ್ಟನ್ ಮೇಲಕ್ಕೆ ಹೋದಾಗ ಅದರ ಕೆಳಗಿನ ಕ್ರ್ಯಾಂಕ್ ಕೇಸಿನಲ್ಲಿ ಒತ್ತಡ ಕುಸಿದು, ಕಾರ್ಬೊರೇಟರಿನಿಂದ ಗಾಳಿ ಪೆಟ್ರೋಲಿನ ಮಿಶ್ರಣ ಒಳಕ್ಕೆ ಬರುತ್ತದೆ. ಪಿಸ್ಟನ್ ಕೆಳಕ್ಕೆ ಬಂದಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಪಕ್ಕದ ದಾರಿಗಳಿಂದ ಸಿಲಿಂಡರಿಗೆ ಏರುತ್ತದೆ. ಎಂದರೆ ಕ್ರ್ಯಾಂಕ್ ಕೇಸು ಬರೀ ಒಂದು ಪೆಟ್ಟಿಗೆಯಲ್ಲ, ಅದೊಂದು ಪಂಪು. ಪಂಪಿಗೆ ತೂತಿರಬಾರದು. ಆದರೆ ಕ್ರ್ಯಾಂಕ್ ಶಾಫ್ಟು ಎರಡೂ ಬದಿಯಿಂದ ಹೊರಕ್ಕೆ ಬರಲೇಬೇಕು, ಎಡಕ್ಕೆ ಕ್ಲಚ್ಚನ್ನು ತಿರುಗಿಸಲು, ಬಲಕ್ಕೆ ಕರೆಂಟ್ ಹುಟ್ಟಿಸಲು. ಆ ಎರಡು ಬಾಗಿಲುಗಳನ್ನು ಕಾಯುವುದು ಎರಡು ಆಯಿಲ್ ಸೀಲುಗಳು, ಶಾಫ್ಟನ್ನು ಸುತ್ತಿ ಹಿಡಿಯುವ ರಬ್ಬರ್ ಬಳೆಗಳು. ಬಲಗಡೆಯ ಸೀಲು ಕೆಟ್ಟರೆ ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯಾಗಿ ಇಂಜಿನ್ ವಿಪರೀತ ಕಾಯುತ್ತದೆ, ಆಕ್ಸಿಲರೇಟರ್ ಬಿಟ್ಟರೂ ಓಟ ಬೇಗನೆ ಇಳಿಯುವುದಿಲ್ಲ, ಪ್ಲಗ್ಗಿನ ತುದಿ ಬಿಳುಚಿಕೊಳ್ಳುತ್ತದೆ. ಎಡಗಡೆಯ ಸೀಲಿನ ಆಚೆ ಇರುವುದು ಗಾಳಿಯಲ್ಲ, ಕ್ಲಚ್ಚು ಮತ್ತು ಗೇರುಗಳು ಮುಳುಗಿರುವ ಗೇರ್ ಆಯಿಲ್. ಆ ಸೀಲು ಕೆಟ್ಟರೆ ಇಂಜಿನ್ ಗೇರ್ ಆಯಿಲನ್ನೇ ಹೀರಿ ಸುಡತೊಡಗುತ್ತದೆ.

ಈಗ ದೇವರಾಯನದುರ್ಗದ ಇಳಿಜಾರಿಗೆ ಹಿಂತಿರುಗಬಹುದು. ಆಕ್ಸಿಲರೇಟರ್ ಬಿಟ್ಟಾಗ ಕಾರ್ಬೊರೇಟರಿನ ಬಾಯಿ ಮುಚ್ಚಿರುತ್ತದೆ, ಆದರೆ ಗೇರಿನಲ್ಲಿರುವ ಗಾಡಿಯ ಚಕ್ರ ಇಂಜಿನ್ನನ್ನು ವೇಗವಾಗಿ ತಿರುಗಿಸುತ್ತಲೇ ಇರುತ್ತದೆ. ಎಳೆಯುವ ಪಂಪಿಗೆ ಮುಂದಿನ ದಾರಿಯಿಂದ ಸಿಗದದ್ದನ್ನು ಅದು ಸಿಕ್ಕ ದಾರಿಯಿಂದ ಎಳೆಯುತ್ತದೆ. ಸವೆದ ಎಡಗಡೆಯ ಸೀಲಿನಿಂದ ಗೇರ್ ಆಯಿಲ್ ಕ್ರ್ಯಾಂಕ್ ಕೇಸಿಗೆ ಇಳಿದು ತಳದಲ್ಲಿ ನಿಲ್ಲುತ್ತದೆ. ಬೆಟ್ಟದ ಬುಡದಲ್ಲಿ ಮತ್ತೆ ಆಕ್ಸಿಲರೇಟರ್ ತಿರುವಿದಾಗ ನಿಂತಿದ್ದ ಎಣ್ಣೆಯೆಲ್ಲ ಒಮ್ಮೆಗೇ ಮೇಲೇರಿ ಉರಿಯುತ್ತದೆ. ಹತ್ತುವಾಗ ಕಾರ್ಬೊರೇಟರ್ ಅಗಲವಾಗಿ ತೆರೆದಿರುವುದರಿಂದ ಈ ಎಳೆತ ಅಷ್ಟಿರುವುದಿಲ್ಲ. ರಿಂಗ್ ಸವೆದದ್ದೇ ಆಗಿದ್ದರೆ ಏರಿಕೆಯಲ್ಲಿ ಶಕ್ತಿ ಕುಂದಬೇಕಿತ್ತು. (ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಬಹಳ ಹೊತ್ತು ಇಳಿಯುವುದೇ ಈ ಬಗೆಯ ಇಂಜಿನ್ನಿಗೆ ಒಳ್ಳೆಯದಲ್ಲ, ಪೆಟ್ರೋಲು ಬರದಿದ್ದರೆ ಎಣ್ಣೆಯೂ ಬರುವುದಿಲ್ಲ. ಆಗಾಗ ಸ್ವಲ್ಪ ತಿರುವಿ ಬಿಡಬೇಕೆಂದು ಮಾವ ನನಗೆ ಮೊದಲ ದಿನವೇ ಹೇಳಿದ್ದರು.)

ತರ್ಕ ಸರಿ ಎನಿಸಿದರೂ ಅದನ್ನು ಅಳತೆಯಿಂದ ಖಚಿತಪಡಿಸಿಕೊಳ್ಳದೆ ಸ್ಪ್ಯಾನರ್ ಮುಟ್ಟಬಾರದೆಂದು ನಿರ್ಧರಿಸಿದೆ. ಗೇರ್ ಆಯಿಲನ್ನು ಪೂರ್ತಿ ಇಳಿಸಿ, ಹೊಸ ಎಣ್ಣೆಯನ್ನು ಅಳತೆಯ ಜಾಡಿಯಲ್ಲಿ ಸರಿಯಾಗಿ 1000 ಮಿ.ಲೀ. ತುಂಬಿ ಹಾಕಿದೆ. ಮುಂದಿನ ಮೂರು ವಾರ ಕಚೇರಿಗೂ ಗುಬ್ಬಿಗೂ ಓಡಾಡಿ ಸುಮಾರು 400 ಕಿ.ಮೀ. ಆದ ಮೇಲೆ, ಇಂಜಿನ್ ಬಿಸಿಯಿರುವಾಗಲೇ ಎಣ್ಣೆ ಇಳಿಸಿ ರಾತ್ರಿಯೆಲ್ಲಾ ಸೋರಲು ಬಿಟ್ಟೆ. ಬೆಳಿಗ್ಗೆ ಜಾಡಿಯಲ್ಲಿ ಇದ್ದದ್ದು 690 ಮಿ.ಲೀ. ನೆಲದ ಮೇಲೆ ಒಂದು ತೊಟ್ಟೂ ಸೋರಿರಲಿಲ್ಲ. ಮುನ್ನೂರು ಮಿ.ಲೀ. ಎಣ್ಣೆ ಹೋಗಲು ಉಳಿದಿದ್ದ ದಾರಿ ಸೈಲೆನ್ಸರ್ ಒಂದೇ. ಇಳಿಸಿದ ಎಣ್ಣೆಯನ್ನು ಮೂಸಿದಾಗ ಪೆಟ್ರೋಲಿನ ವಾಸನೆಯೂ ಬಂತು. ಪಿಸ್ಟನ್ ಕೆಳಕ್ಕೆ ಬಂದಾಗ ಒತ್ತಡಕ್ಕೆ ಸಿಕ್ಕ ಮಿಶ್ರಣ ಅದೇ ತೂತಿನಿಂದ ಗೇರ್ ಬಾಕ್ಸಿಗೂ ಹೋಗುತ್ತಿತ್ತು. ಪೆಟ್ರೋಲು ಬೆರೆತು ತೆಳುವಾದ ಎಣ್ಣೆ ಗೇರಿನ ಹಲ್ಲುಗಳನ್ನು ಕಾಯುವುದಿಲ್ಲ, ಆದ್ದರಿಂದ ಈ ಸೀಲನ್ನು "ಹೊಗೆ ಬಂದರೆ ಬರಲಿ" ಎಂದು ಬಿಟ್ಟುಬಿಡುವಂತಿಲ್ಲ.

ಅದಾದ ಮೇಲೆ ಇನ್ನೊಂದು ಪರೀಕ್ಷೆ ಮಾಡಿದೆ. ಮನೆಯಲ್ಲಿ ಅಮ್ಮನಿಗಾಗಿ ತಂದಿದ್ದ, ಈಗ ಬಳಸದೆ ಇಟ್ಟಿದ್ದ ಮುಳ್ಳಿನ ಬಿ.ಪಿ. ಯಂತ್ರವೊಂದಿತ್ತು. ಕ್ರ್ಯಾಂಕ್ ಕೇಸಿನ ಸೋರಿಕೆ ನೋಡಲು ಐದಾರು ಪಿ.ಎಸ್.ಐ. ಒತ್ತಡವೇ ಸಾಕು, ಹೆಚ್ಚು ಹಾಕಲೂಬಾರದು, ಒಂದು ಪಿ.ಎಸ್.ಐ. ಎಂದರೆ ಹೆಚ್ಚು ಕಡಿಮೆ 52 ಮಿ.ಮೀ. ಪಾದರಸ, ಹಾಗಾಗಿ ಬಿ.ಪಿ. ಯಂತ್ರದ 250ರ ಗೆರೆ ಐದು ಪಿ.ಎಸ್.ಐ.ಗೆ ಸ್ವಲ್ಪ ಕಡಿಮೆ. ಹಳೆಯ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿಯನ್ನು ಒಡೆದು ತೆಗೆದು, ಉಳಿದ ಕಬ್ಬಿಣದ ಚಿಪ್ಪಿಗೆ ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ನಳಿಕೆ ಕೂರಿಸಿಕೊಂಡೆ. ಕಾರ್ಬೊರೇಟರ್ ಕಳಚಿ ಅದರ ಜಾಗಕ್ಕೆ ಟ್ಯೂಬಿನ ರಬ್ಬರ್ ಮತ್ತು ತಗಡು ಇಟ್ಟು ನಟ್ ಬಿಗಿದೆ. ಎರಡೂ ಎಗ್ಜಾಸ್ಟ್ ಬಾಯಿಗಳಿಗೂ ರಬ್ಬರ್ ಬಿಲ್ಲೆ ಇಟ್ಟು ಮುಚ್ಚಿದೆ. ಪ್ಲಗ್ಗಿನ ತೂತಿನಲ್ಲಿ ಪೊರಕೆ ಕಡ್ಡಿ ಬಿಟ್ಟು ನೋಡುತ್ತಾ ಪಿಸ್ಟನ್ನನ್ನು ತೀರಾ ಕೆಳಕ್ಕೆ ತಂದೆ. ಆಗ ಸಿಲಿಂಡರಿಗೂ ಕ್ರ್ಯಾಂಕ್ ಕೇಸಿಗೂ ನಡುವಿನ ದಾರಿಗಳು ತೆರೆದಿರುತ್ತವೆ. ನಳಿಕೆ ಸಿಕ್ಕಿಸಿ, ಬಿ.ಪಿ. ಯಂತ್ರದ ರಬ್ಬರ್ ಉಂಡೆಯನ್ನು ಅದುಮಿ ಮುಳ್ಳನ್ನು 250ಕ್ಕೆ ಏರಿಸಿ ಕೈ ಬಿಟ್ಟೆ. ಆರೋಗ್ಯವಾಗಿರುವ ಇಂಜಿನ್ನಿನಲ್ಲಿ ಮುಳ್ಳು ಒಂದು ನಿಮಿಷಕ್ಕೆ 50ಕ್ಕಿಂತ ಹೆಚ್ಚು ಇಳಿಯಬಾರದು. ನನ್ನದು ಇಪ್ಪತ್ತು ಸೆಕೆಂಡಿನಲ್ಲಿ ಸೊನ್ನೆಗೆ ಬಂದಿತು.

ಎಲ್ಲಿ ಸೋರುತ್ತಿದೆ ಎಂದು ಹುಡುಕಲು ಸೋಪಿನ ನೀರನ್ನು ಬ್ರಶ್ಶಿನಿಂದ ಸಿಲಿಂಡರಿನ ಬುಡಕ್ಕೆ, ಹೆಡ್ಡಿನ ಸುತ್ತ, ಬಲಗಡೆಯ ಶಾಫ್ಟಿನ ಸುತ್ತ ಬಳಿದೆ. ಎಲ್ಲಿಯೂ ಗುಳ್ಳೆ ಏಳಲಿಲ್ಲ. ಗೇರ್ ಆಯಿಲ್ ಹಾಕುವ ತೂತಿನ ಮೇಲೆ ಸೋಪಿನ ನೀರಿನ ಪರದೆ ಎಳೆದು ಮತ್ತೆ ಗಾಳಿ ಒತ್ತಿದಾಗ ಆ ಪರದೆ ಮೆಲ್ಲಗೆ ಉಬ್ಬಿ ಒಡೆಯಿತು. ಆ ಕ್ಷಣದ ಸಂತೋಷವನ್ನು ಮರೆಯಲಾರೆ. ಅರ್ಧ ವರ್ಷ ಯಾರೂ ಹೇಳಲಾಗದ ದೋಷವೊಂದು ಒಂದು ರೂಪಾಯಿ ನಾಣ್ಯದಷ್ಟು ಅಗಲದ ಸೋಪಿನ ಗುಳ್ಳೆಯಾಗಿ ಕಣ್ಣೆದುರು ಎದ್ದು ನಿಂತಿತ್ತು.

ಎಡಗಡೆಯ ಕವರ್ ಬಿಚ್ಚುವ ಮುಂಚೆ ಎರಡು ದಿನ ಉಪಕರಣಗಳನ್ನು ಹೊಂದಿಸುವುದರಲ್ಲೇ ಕಳೆದೆ, ಮತ್ತು ಆ ಎರಡು ದಿನ ವ್ಯರ್ಥವಾಗಲಿಲ್ಲ. ಹಳೆಯ ಗಾಡಿಗಳ ಅಲ್ಯೂಮಿನಿಯಂ ಮುಖಗಳಲ್ಲಿ ಕಾಣುವ ಗಾಯಗಳು ಬಹುತೇಕ ಸ್ಕ್ರೂ ಡ್ರೈವರ್ ತೂರಿಸಿ ಮೀಟಿದವರಿಂದ ಆದವು. ಆ ಗಾಯವೇ ಮುಂದೆ ಎಣ್ಣೆ ಸೋರುವ ದಾರಿಯಾಗುತ್ತದೆ. ಕವರಿನ ಸ್ಕ್ರೂಗಳ ಉದ್ದ ಒಂದೇ ಸಮನಾಗಿರುವುದಿಲ್ಲ, ಆದ್ದರಿಂದ ರಟ್ಟಿನ ಮೇಲೆ ಕವರಿನ ಆಕಾರ ಬರೆದು ಆಯಾ ಜಾಗದಲ್ಲಿ ಸ್ಕ್ರೂಗಳನ್ನು ಚುಚ್ಚಿಟ್ಟೆ. ಕವರಿನ ಒಳಗೆ ಕ್ಲಚ್ಚು, ಅದನ್ನು ತಿರುಗಿಸುವ ಚೈನು, ಕ್ರ್ಯಾಂಕಿನ ಮೇಲಿನ ಇಂಜಿನ್ ಸ್ಪ್ರಾಕೆಟ್ ಇವೆ. ಸೀಲು ಆ ಸ್ಪ್ರಾಕೆಟ್ಟಿನ ಹಿಂದೆ ಅಡಗಿರುತ್ತದೆ. ಸ್ಪ್ರಾಕೆಟ್ ಶಾಫ್ಟಿಗೆ ಗಟ್ಟಿಯಾಗಿ ಕಚ್ಚಿಕೊಂಡಿರುವುದರಿಂದ ಅದನ್ನು ಎಳೆದು ಬಿಡಿಸುವ ಪುಲ್ಲರ್ ಎಂಬ ಉಪಕರಣ ಬೇಕೇ ಬೇಕು. ಹೊಡೆದು ಬಿಡಿಸಲು ಹೋದರೆ ಒತ್ತಿ ಕೂರಿಸಿದ ಕ್ರ್ಯಾಂಕಿನ ಎರಡು ಬಿಲ್ಲೆಗಳು ಸರಿದು, ಇಂಜಿನ್ ಆ ಮೇಲೆ ಸದಾ ನಡುಗುತ್ತದೆ. ಅಂತರಸನಹಳ್ಳಿಯ ಕಡೆ ಲೇತ್ ಇಟ್ಟಿರುವ ಗೆಳೆಯರೊಬ್ಬರು ನಾನು ಕೊಟ್ಟ ಅಳತೆಗೆ ಪುಲ್ಲರ್ ಮಾಡಿಕೊಟ್ಟರು.

ಸ್ಪ್ರಾಕೆಟ್ಟಿನ ನಟ್ ಬಿಚ್ಚುವಾಗ ಕ್ರ್ಯಾಂಕ್ ತಿರುಗದಂತೆ ಹಿಡಿಯಬೇಕು. ಪ್ಲಗ್ಗಿನ ತೂತಿನಿಂದ ಸಿಲಿಂಡರಿನೊಳಕ್ಕೆ ಹಗ್ಗ ತುಂಬಿ ಪಿಸ್ಟನ್ನನ್ನು ತಡೆಯುವುದು ಹಳೆಯ ಉಪಾಯ. ಆದರೆ ಟೂ ಸ್ಟ್ರೋಕಿನಲ್ಲಿ ಸಿಲಿಂಡರಿನ ಗೋಡೆಯಲ್ಲಿ ಕಿಟಕಿಗಳಿರುವುದರಿಂದ, ಪಿಸ್ಟನ್ ಆ ಕಿಟಕಿಗಳನ್ನು ದಾಟಿ ಮೇಲೆ ಬಂದ ಮೇಲೆಯೇ ಹಗ್ಗ ತುಂಬಬೇಕು, ಇಲ್ಲದಿದ್ದರೆ ಹಗ್ಗ ಕಿಟಕಿಗೆ ಸಿಕ್ಕಿ ಕತ್ತರಿಸಿ ಹೋಗುತ್ತದೆ. ನಮ್ಮ ಸೀಮೆಯಲ್ಲಿ ಮನೆ ತುಂಬಾ ತೆಂಗಿನ ನಾರಿನ ಹಗ್ಗವೇ ಇರುತ್ತದೆ; ಅದನ್ನು ಮಾತ್ರ ಬಳಸಬೇಡಿ, ಅದರ ನಾರು ಉದುರಿ ಸಿಲಿಂಡರಿನಲ್ಲಿ ಉಳಿಯುತ್ತದೆ. ನಾನು ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಬಳಸಿದೆ. ಬಲ ಹಾಕುವ ಮೊದಲು ಆ ನಟ್ಟಿನ ಥ್ರೆಡ್ ಯಾವ ಕಡೆಗೆ ತಿರುಗುತ್ತದೆ ಎಂದು ನೋಡಿಕೊಳ್ಳುವುದೂ ಅಗತ್ಯ.

ಹೊರಬಂದ ಸೀಲನ್ನು ಇನ್ನೂ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮುಟ್ಟಿದರೆ ರಬ್ಬರ್ ಎನಿಸುವುದಿಲ್ಲ, ಒಣಗಿದ ತೆಂಗಿನ ಕರಟದಷ್ಟು ಗಡಸಾಗಿದೆ. ಶಾಫ್ಟನ್ನು ತಬ್ಬಿಕೊಂಡಿರಬೇಕಾದ ಅದರ ತುಟಿ ಒಂದು ಕಡೆ ಸೀಳಿತ್ತು. ಓಡಿ ಕೆಟ್ಟದ್ದಕ್ಕಿಂತ ಹೆಚ್ಚಾಗಿ ನಿಂತು ಕೆಟ್ಟ ಸೀಲು ಅದು: ಹದಿಮೂರು ವರ್ಷ ಶಾಫ್ಟಿನ ಒಂದೇ ಜಾಗಕ್ಕೆ ಒತ್ತಿಕೊಂಡು, ಎಣ್ಣೆಯಿಲ್ಲದೆ ಒಣಗಿ, ಮತ್ತೆ ಓಡಿಸಿದಾಗ ಬಿರಿಯಿತು. ಸೀಲಿನ ಮೈಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಮಿ.ಮೀ.ನಲ್ಲಿ ಅಚ್ಚು ಹಾಕಿರುತ್ತಾರೆ. ಆದ್ದರಿಂದ ಯೆಜ್ಡಿ ಸೀಲು ಎಂದು ಕೇಳುತ್ತಾ ಅಲೆಯಬೇಕಾಗಿಲ್ಲ. ಬೇರಿಂಗ್ ಮಾರುವ ಅಂಗಡಿಯಲ್ಲಿ ಅಳತೆ ಹೇಳಿದರೆ ಸಾಕು. ಆದರೂ ನಾನು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ, ಏಕೆಂದರೆ ಸಾಮಾನ್ಯ ಕಪ್ಪು ನೈಟ್ರೈಲ್ ರಬ್ಬರಿನ ಬದಲು ವೈಟಾನ್ ಸೀಲು ನನಗೆ ಬೇಕಿತ್ತು. ವೈಟಾನ್ ಹೆಚ್ಚು ಬಿಸಿಯನ್ನು ತಾಳುತ್ತದೆ, ಎಥನಾಲ್ ಬೆರೆತ ಪೆಟ್ರೋಲಿಗೂ ಜಗ್ಗುವುದಿಲ್ಲ. ಬೆಲೆ ಹಲವು ಪಟ್ಟು ಹೆಚ್ಚಾದರೂ, ಒಂದು ಊಟದ ಖರ್ಚನ್ನು ಮೀರಲಿಲ್ಲ. ಹೊಸ ಸೀಲನ್ನು ಹಳೆಯದು ಕೂತಿದ್ದ ದಿಕ್ಕಿನಲ್ಲೇ, ತುಟಿಗೆ ಎಣ್ಣೆ ಸವರಿ, ಶಾಫ್ಟಿನ ಅಂಚಿಗೆ ತಗುಲಿ ತುಟಿ ಹರಿಯದಂತೆ ತೆಳುವಾದ ಪ್ಲಾಸ್ಟಿಕ್ ಹಾಳೆ ಸುತ್ತಿ, ಸರಿಯಳತೆಯ ಪೈಪಿನ ತುಂಡಿನಿಂದ ಸಮನಾಗಿ ತಟ್ಟಿ ಕೂರಿಸಿದೆ.

ಮರುಜೋಡಣೆಯಲ್ಲಿ ಹೆಚ್ಚು ತಾಳ್ಮೆ ಬೇಡಿದ್ದು ಕ್ಲಚ್ಚು. ಈ ಗಾಡಿಯಲ್ಲಿ ಗೇರ್ ಲಿವರ್ ತುಳಿದಾಗಲೇ ಕ್ಲಚ್ಚು ತಾನಾಗಿ ಬಿಡುವಂತಹ ಏರ್ಪಾಡು ಇದೆ. ಕೈಯ ಲಿವರ್ ಎಳೆಯದೆಯೂ ಗೇರ್ ಬದಲಾಯಿಸಬಹುದು. ಅದರ ಸ್ಕ್ರೂವನ್ನು ಬಿಗಿ ಮಾಡಿದರೆ ಕ್ಲಚ್ಚು ಸದಾ ಅರ್ಧ ಬಿಟ್ಟುಕೊಂಡು ಜಾರುತ್ತದೆ, ಸಡಿಲ ಮಾಡಿದರೆ ಗೇರ್ ಕಿರುಗುಟ್ಟುತ್ತದೆ. ಮೂರು ಸಲ ಸರಿಪಡಿಸಿ, ಮೂರು ಸಲ ಬಟವಾಡಿಯವರೆಗೆ ಓಡಿಸಿ ನೋಡಿದ ಮೇಲೆ ಸರಿಯಾಯಿತು.

ಬಲಗಡೆಯ ಸೀಲು ಪರೀಕ್ಷೆಯಲ್ಲಿ ಪಾಸಾಗಿತ್ತು. ಆದರೂ ಎರಡೂ ಒಂದೇ ವಯಸ್ಸಿನವು, ಒಂದೇ ಅಟ್ಟದ ಕೆಳಗೆ ಒಣಗಿದವು. ಅದು ಕೆಟ್ಟ ದಿನ ಹೊಗೆಯ ಎಚ್ಚರಿಕೆಯೂ ಇರುವುದಿಲ್ಲ, ನೇರವಾಗಿ ಪಿಸ್ಟನ್ನೇ ಹಿಡಿಯಬಹುದು. ಹಾಗಾಗಿ ಎರಡು ವಾರ ಬಿಟ್ಟು ಅದನ್ನೂ ಬದಲಾಯಿಸಿದೆ. ಆ ಬದಿಯಲ್ಲಿ ಪಾಯಿಂಟುಗಳು (ತೆರೆದು ಮುಚ್ಚಿ ಪ್ಲಗ್ಗಿನ ಕಿಡಿ ಹಾರಿಸುವ ಸ್ವಿಚ್ಚು) ಇರುವುದರಿಂದ ಬಿಚ್ಚಿದ ಮೇಲೆ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯವನ್ನು ಹೊಸದಾಗಿ ಹಿಡಿಯಬೇಕು. ಪಾಯಿಂಟಿನ ಮುಖಗಳನ್ನು ನಯವಾದ ಎಮರಿ ಹಾಳೆಯಿಂದ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ತೆರೆದಾಗ 0.4 ಮಿ.ಮೀ. ಸಂದು ಇರುವಂತೆ ಫೀಲರ್ ಗೇಜಿನಿಂದ ಹೊಂದಿಸಿದೆ. ಪಾಯಿಂಟು ತೆರೆಯುವ ಕ್ಷಣವೇ ಕಿಡಿ ಹಾರುವ ಕ್ಷಣ. ಅದನ್ನು ಕಣ್ಣಿನಿಂದ ಹಿಡಿಯಲಾಗುವುದಿಲ್ಲ. ಸಿಗರೇಟಿನ ತೆಳು ಕಾಗದವನ್ನು ಪಾಯಿಂಟುಗಳ ನಡುವೆ ಇಟ್ಟು ಮೆಲ್ಲಗೆ ಎಳೆಯುತ್ತಾ ಕ್ರ್ಯಾಂಕ್ ತಿರುಗಿಸಿದರೆ, ಕಾಗದ ಬಿಟ್ಟುಕೊಂಡ ಕ್ಷಣವೇ ಪಾಯಿಂಟು ತೆರೆದದ್ದು. ಆಗ ಪಿಸ್ಟನ್ ತುತ್ತತುದಿಗೆ ಎಷ್ಟು ಮಿ.ಮೀ. ಕೆಳಗಿದೆ ಎಂಬುದನ್ನು ಪ್ಲಗ್ಗಿನ ತೂತಿನಿಂದ ಅಳೆದು, ಮಾವ ಜೋಪಾನ ಮಾಡಿದ್ದ ಕಂಪನಿಯ ಪುಸ್ತಕದ ಅಂಕಿಗೆ ಬರುವವರೆಗೆ ಪ್ಲೇಟನ್ನು ಸರಿಸಿದೆ. ನನ್ನ ಮಗಳು ಕಾಗದ ಹಿಡಿದಿದ್ದಳು, ನಾನು ಕ್ರ್ಯಾಂಕ್ ತಿರುಗಿಸಿದೆ. ಇದು ಒಬ್ಬರೇ ಮಾಡುವ ಕೆಲಸವಲ್ಲ.

ಪೆಟ್ರೋಲಿನ ವಿಷಯ ಬಂದದ್ದರಿಂದ ಟ್ಯಾಂಕಿನ ಬಗ್ಗೆಯೂ ಬರೆಯಲೇಬೇಕು. ಶೇ 20 ಎಥನಾಲ್ ಬೆರೆತ ಪೆಟ್ರೋಲನ್ನು ಪ್ರಧಾನಿಯವರು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದ್ದು 2023ರ ಫೆಬ್ರವರಿ 6ರಂದು. ಅದೇ ದಿನ ಅವರು ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯನ್ನೂ ಉದ್ಘಾಟಿಸಿದ್ದರಿಂದ ನನಗೆ ಆ ದಿನಾಂಕ ಚೆನ್ನಾಗಿ ನೆನಪಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಒಂದು ಮಿತಿಯನ್ನು ದಾಟಿದಾಗ ನೀರೂ ಎಥನಾಲೂ ಜೊತೆಗೂಡಿ ಪೆಟ್ರೋಲಿನಿಂದ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಕಾರ್ಬೊರೇಟರಿಗೆ ಮೊದಲು ಹೋಗುವುದು ತಳದಲ್ಲಿರುವ ದ್ರವ. ಎಂದರೆ ಟೂ ಸ್ಟ್ರೋಕ್ ಇಂಜಿನ್ನಿಗೆ ಎಣ್ಣೆಯೇ ಇಲ್ಲದ ಇಂಧನ. ಫೋರ್ ಸ್ಟ್ರೋಕ್ ಗಾಡಿ ಇಂತಹ ಹೊತ್ತಿನಲ್ಲಿ ನಿಂತುಹೋಗಬಹುದು, ಅಷ್ಟೇ, ನಮ್ಮದು ಸುಟ್ಟುಕೊಳ್ಳುತ್ತದೆ. ಆದ್ದರಿಂದ ತಿಂಗಳಿಗಿಂತ ಹೆಚ್ಚು ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬೊರೇಟರಿನ ಬಟ್ಟಲನ್ನೂ ಖಾಲಿ ಮಾಡುತ್ತೇನೆ, ಪೆಟ್ರೋಲ್ ಪೈಪನ್ನು ಆಗಾಗ ಬಗ್ಗಿಸಿ ಬಿರುಕು ನೋಡುತ್ತೇನೆ.

ಅಟ್ಟದ ಕೆಳಗಿನಿಂದ ತಂದಾಗ ಟ್ಯಾಂಕಿನ ಒಳಗೆ ತುಕ್ಕು ಪದರ ಪದರವಾಗಿ ಎದ್ದಿತ್ತು. ಅದಕ್ಕೆ ನಾನು ಹಾಕಿದ್ದು ಹುಣಸೆ ಹಣ್ಣು. ಹುಣಸೆಯ ಹುಳಿಯಲ್ಲಿರುವ ಟಾರ್ಟಾರಿಕ್ ಆಮ್ಲ ತುಕ್ಕನ್ನು ಕರಗಿಸುತ್ತದೆ, ಕಬ್ಬಿಣವನ್ನು ಬೇಗ ತಿನ್ನುವುದಿಲ್ಲ. ಪೆಟ್ರೋಲಿನ ಆವಿ ಪೂರ್ತಿ ಹೋಗುವಂತೆ ಮೊದಲು ಟ್ಯಾಂಕನ್ನು ಸೋಪಿನ ನೀರಿನಲ್ಲಿ ತೊಳೆದು, ಗಟ್ಟಿಯಾದ ಹುಣಸೆ ರಸವನ್ನು ಸೋಸಿ ಬಿಸಿಬಿಸಿಯಾಗಿ ತುಂಬಿ, ಒಂದು ಹಿಡಿ ಸಣ್ಣ ನಟ್ಟುಗಳನ್ನು ಹಾಕಿ ಆಗಾಗ ಕುಲುಕುತ್ತಾ ಎರಡು ದಿನ ಬಿಟ್ಟೆ. ಬಳಿಕ ಅಡುಗೆ ಸೋಡಾದ ನೀರಿನಲ್ಲಿ ತೊಳೆದು ಹುಳಿ ಮುರಿದು, ಬಿಸಿಲಿನಲ್ಲಿ ಒಣಗಿಸಿ, ಕೂಡಲೇ 2ಟಿ ಆಯಿಲ್ ಸವರಿದೆ. ಒಂದು ಗಂಟೆ ತಡ ಮಾಡಿದರೂ ಹೊಸ ತುಕ್ಕಿನ ಕೆಂಪು ಹರಡುತ್ತದೆ. ಟ್ಯಾಂಕಿನ ಮುಚ್ಚಳದ ಗಾಳಿಯ ತೂತನ್ನು ಕುಂಬಾರ ಹುಳವೊಂದು ಮಣ್ಣಿನಿಂದ ಮೆತ್ತಿ ಮುಚ್ಚಿತ್ತು. ಅದನ್ನು ನೋಡದೆ ಹೋಗಿದ್ದರೆ, ಟ್ಯಾಂಕಿನೊಳಗೆ ಗಾಳಿ ಹೋಗದೆ ಪೆಟ್ರೋಲು ಇಳಿಯುವುದು ನಿಂತು, ಹತ್ತಿಪ್ಪತ್ತು ಕಿ.ಮೀ.ಗೊಮ್ಮೆ ಗಾಡಿ ನಿಲ್ಲುತ್ತಿತ್ತು. ಆಗ ಮತ್ತೆ ಕಾರ್ಬೊರೇಟರಿನ ಮೇಲೆಯೇ ತಪ್ಪು ಹೊರಿಸುತ್ತಿದ್ದೆವು.

ಎರಡೂ ಸೀಲು ಹಾಕಿದ ಮೇಲೆ ಬಿ.ಪಿ. ಯಂತ್ರವನ್ನು ಮತ್ತೆ ಜೋಡಿಸಿದೆ. 250ಕ್ಕೆ ಏರಿಸಿದ ಮುಳ್ಳು ಒಂದು ನಿಮಿಷದ ನಂತರ 235ರಲ್ಲಿತ್ತು. ಸೈಲೆನ್ಸರುಗಳ ಒಳಗಿನ ಬ್ಯಾಫಲ್ ಕೊಳವೆಗಳನ್ನು ಹೊರಗೆಳೆದು, ಹೀರಿಕೊಂಡಿದ್ದ ಗೇರ್ ಆಯಿಲನ್ನು ಸುಟ್ಟು ಕೆರೆದು ತೆಗೆದೆ; ಇದನ್ನು ಮಾಡದಿದ್ದರೆ ದೋಷ ಸರಿಯಾದ ಮೇಲೂ ಹಳೆಯ ಎಣ್ಣೆ ಉರಿದು ವಾರಗಟ್ಟಲೆ ಹೊಗೆ ಬರುತ್ತಿರುತ್ತದೆ, ಮಾಡಿದ ಕೆಲಸದ ಮೇಲೆ ಮಾಡಿದವರಿಗೇ ಅನುಮಾನ ಹುಟ್ಟುತ್ತದೆ.

ಜನವರಿಯ ಕೊನೆಯ ಭಾನುವಾರ ಮತ್ತೆ ದೇವರಾಯನದುರ್ಗಕ್ಕೆ ಹೋದೆ. ಮಗಳು ಸ್ಕೂಟರಿನಲ್ಲಿ ಹಿಂದೆ ಬಂದಳು. ಹೊಗೆಯನ್ನು ನೋಡುವುದೊಂದೇ ಅವಳ ಕೆಲಸವಾಗಿತ್ತು. ಇಳಿಜಾರಿನಲ್ಲಿ ಬೇಕೆಂದೇ ಆಕ್ಸಿಲರೇಟರ್ ಬಿಟ್ಟು ಇಳಿದೆ, ಬುಡದಲ್ಲಿ ತಿರುವಿದೆ. ನಾಮದ ಚಿಲುಮೆಯ ಬಳಿ ಅವಳು ಬಂದು ನಿಂತಾಗ, ತಿರುವಿದ ಕೂಡಲೇ ಒಂದು ಗೇಣಿನಷ್ಟು ನೀಲಿ ಹೊಗೆ ಬಂದು ಕರಗಿತು, ಅಷ್ಟೇ ಎಂದಳು. ಅಲ್ಲಿಂದ ಮುಂದಿನ 400 ಕಿ.ಮೀ. ಆದ ಮೇಲೆ ಗೇರ್ ಆಯಿಲನ್ನು ಅದೇ ಜಾಡಿಗೆ ಇಳಿಸಿದೆ: 980 ಮಿ.ಲೀ. ಮೂಸಿ ನೋಡಿದೆ, ಪೆಟ್ರೋಲಿನ ವಾಸನೆಯಿರಲಿಲ್ಲ. ತಿಪಟೂರಿಗೆ ಫೋನ್ ಮಾಡಿ ಅಂಕಿ ಹೇಳಿದಾಗ ಮಾವ, "ಇಪ್ಪತ್ತು ಎಲ್ಲೋಯ್ತಪ್ಪ?" ಎಂದು ಕೇಳಿದರು. ಕೇಸಿನ ಮೂಲೆಗಳಲ್ಲಿಯೂ ಕ್ಲಚ್ ಪ್ಲೇಟಿನಲ್ಲಿಯೂ ಅಂಟಿಕೊಂಡಿರುತ್ತದೆ ಮಾವ ಎಂದೆ. ಸರಿ, ಹಬ್ಬಕ್ಕೆ ಗಾಡಿಯಲ್ಲೇ ಬಾ ಎಂದರು.